ಖುತ್ಬಾ ಇಲ್ಲದ ಶುಕ್ರವಾರಗಳು: ಸಿಸಿಲಿಯಲ್ಲಿ ಇಬ್ನ್ ಜುಬೈರ್ ಕಳೆದ ಚಳಿಗಾಲ

ಜೂನ್ ತಿಂಗಳಲ್ಲಿ ಬಿಜೂರು, ಉಪ್ಪುಂದ ಬದಿಯ ಕಡಲಿಗೆ ಹೋದರೆ ದೋಣಿಗಳೆಲ್ಲ ದಡದ ಮೇಲಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಈ ಕಾನೂನು ಬರುವ ಎಷ್ಟೋ ಶತಮಾನಗಳ ಹಿಂದೆಯೂ ಮಳೆಗಾಲದಲ್ಲಿ ಈ ಕರಾವಳಿಯ ಕಡಲು ಮುಚ್ಚಿಯೇ ಇರುತ್ತಿತ್ತು. ದೂರದಿಂದ ಬಂದ ವರ್ತಕರು ಗಾಳಿ ತಿರುಗುವ ತನಕ ಇಲ್ಲಿಯೇ ಉಳಿಯಬೇಕಿತ್ತು. ಹಾಗೆ ಉಳಿದವರಿಗೆ ಊರಿನ ಪೇಟೆಯಷ್ಟೇ ಅಲ್ಲ, ಮನೆಯೊಳಗಿನ ಸುಖದುಃಖವೂ ತಿಳಿಯುತ್ತಿತ್ತು.

ಮೆಡಿಟರೇನಿಯನ್ ಸಮುದ್ರದಲ್ಲಿ ಇದು ತಿರುವುಮುರುವು. ಅಲ್ಲಿ ಕಡಲು ಮುಚ್ಚುವುದು ಚಳಿಗಾಲದಲ್ಲಿ. ಹಾಯಿಹಡಗುಗಳ ಕಾಲದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ದೂರ ಪ್ರಯಾಣಕ್ಕೆ ಹೊರಡುವವರು ತೀರಾ ವಿರಳ. ಅಂಥದೊಂದು ಚಳಿಗಾಲದಲ್ಲಿ ಸಿಸಿಲಿ ದ್ವೀಪದಲ್ಲಿ ಸಿಕ್ಕಿಬಿದ್ದ ಹಾಜಿಯೊಬ್ಬರ ಕಥೆ ಇದು.

ಇಬ್ನ್ ಜುಬೈರ್ ಹುಟ್ಟಿದ್ದು 1145ರಲ್ಲಿ, ಸ್ಪೇನಿನ ವೆಲೆನ್ಸಿಯಾದಲ್ಲಿ. ಗ್ರಾನಡಾದ ರಾಜ್ಯಪಾಲರ ಬಳಿ ಕಾರ್ಯದರ್ಶಿಯಾಗಿದ್ದ ಅವರು 1183ರಲ್ಲಿ ಹಜ್ಜ್‌ಗೆ ಹೊರಟರು. ಮಕ್ಕಾ, ಮದೀನಾ, ಬಗ್ದಾದ್, ದಮಾಸ್ಕಸ್ ಸುತ್ತಿ 1184ರ ಅಕ್ಟೋಬರ್‌ನಲ್ಲಿ ಅಕ್ಕಾ ಬಂದರಿನಿಂದ ಜಿನೋವಾದವರ ಹಡಗು ಹತ್ತಿ ಊರಿಗೆ ಹೊರಟರು. ಗಾಳಿ ಕೈಕೊಟ್ಟಿತು. ಡಿಸೆಂಬರ್‌ನಲ್ಲಿ, ಹಿಜರಿ 580ರ ರಮಝಾನಿನ ಮೊದಲ ದಿನಗಳಲ್ಲಿ, ಸಿಸಿಲಿಯ ಮೆಸ್ಸಿನಾ ಬಳಿ ಹಡಗು ದಡಕ್ಕಪ್ಪಳಿಸಿ ಒಡೆಯಿತು. ಪ್ರಯಾಣಿಕರನ್ನು ದಡ ಸೇರಿಸಲು ಬಂದ ಸಣ್ಣ ದೋಣಿಗಳವರು ದುಬಾರಿ ಬಾಡಿಗೆ ಕೇಳಿದರು. ಕೈಯಲ್ಲಿ ಕಾಸಿಲ್ಲದ ಬಡ ಮುಸ್ಲಿಮರ ಬಾಡಿಗೆಯನ್ನು ಅಲ್ಲಿಗೆ ಬಂದಿದ್ದ ಕ್ರೈಸ್ತ ದೊರೆ ಎರಡನೆಯ ವಿಲಿಯಂ ತಾನೇ ಕೊಟ್ಟ.

ಸಿಸಿಲಿಯಲ್ಲಿ ಸುಮಾರು ಇನ್ನೂರು ವರ್ಷ ಮುಸ್ಲಿಮರ ಆಳ್ವಿಕೆಯಿತ್ತು. ನಾರ್ಮನ್ನರು 1072ರಲ್ಲಿ ರಾಜಧಾನಿ ಪಲೆರ್ಮೊವನ್ನು ಗೆದ್ದರು. ಆದರೂ ಅರಬಿ ಭಾಷೆ ಅರಮನೆಯಲ್ಲಿ ಉಳಿದಿತ್ತು. ಅಲ್ ಇದ್ರೀಸಿ ತಮ್ಮ ಹೆಸರಾಂತ ಭೂಗೋಳ ಗ್ರಂಥವನ್ನು 1154ರಲ್ಲಿ ಮುಗಿಸಿದ್ದು ಇಲ್ಲಿಯೇ, ವಿಲಿಯಂನ ಅಜ್ಜ ರೋಜರ್ ದೊರೆಗಾಗಿ. ವಿಲಿಯಂ ಅರಬಿ ಓದಬಲ್ಲ, ಬರೆಯಬಲ್ಲ ಎಂದು ಇಬ್ನ್ ಜುಬೈರ್ ದಾಖಲಿಸಿದ್ದಾರೆ. ಮೊದಲ ದಿನಗಳಲ್ಲಿ ಅವರು ಕಂಡದ್ದೆಲ್ಲ ಮನಸ್ಸಿಗೆ ಸಮಾಧಾನ ತರುವಂಥದ್ದೇ. ಪಲೆರ್ಮೊಗೆ ಹೋಗುವ ದಾರಿಯಲ್ಲಿ ಕಸ್ರ್ ಸಅದ್ ಎಂಬ ಕೋಟೆಯ ಮಸೀದಿಯಲ್ಲಿ ಒಂದು ರಾತ್ರಿ ತಂಗಿದರು. ಬಹಳ ದಿನಗಳ ನಂತರ ಅಲ್ಲಿ ಬಾಂಗ್ ಕೇಳಿದರು. ಇಮಾಮರು ತರಾವೀಹ್ ನಡೆಸುತ್ತಿದ್ದರು. ಪಲೆರ್ಮೊದಲ್ಲಿ ಮುಸ್ಲಿಮರಿಗೆ ತಮ್ಮದೇ ಕೇರಿಗಳಿದ್ದವು, ಮಸೀದಿಗಳು ಲೆಕ್ಕವಿಲ್ಲದಷ್ಟಿದ್ದವು, ನ್ಯಾಯ ತೀರ್ಮಾನಕ್ಕೆ ಖಾಝಿ ಇದ್ದರು.

ಆದರೆ ಒಂದು ಇರಲಿಲ್ಲ. ಶುಕ್ರವಾರದ ಖುತ್ಬಾ ನಿಷಿದ್ಧವಾಗಿತ್ತು. ಹಾಗಾಗಿ ಜುಮಾ ನಮಾಝ್ ನಡೆಯುತ್ತಿರಲಿಲ್ಲ. ಈದ್ ದಿನ ಮಾತ್ರ ಖುತ್ಬಾಕ್ಕೆ ಅವಕಾಶ. ಆ ಕಾಲದಲ್ಲಿ ಖುತ್ಬಾದಲ್ಲಿ ಖಲೀಫರ ಹೆಸರು ಹೇಳಿ ದುಆ ಮಾಡುವುದು ವಾಡಿಕೆ. ವಾರವಾರವೂ ಜನ ಒಂದೆಡೆ ಸೇರಿ ಬೇರೊಬ್ಬರ ಹೆಸರು ಹೇಳುವುದು ಆಳುವವರಿಗೆ ಹಿಡಿಸದಿದ್ದರೆ ಆಶ್ಚರ್ಯವಿಲ್ಲ.

ಪಲೆರ್ಮೊದಲ್ಲಿ ಅವರು ನಿಂತದ್ದು ಒಂದು ವಾರ. ಅಲ್ಲಿಂದಲೇ ಊರಿಗೆ ಹೊರಟಿದ್ದರೆ ಬರವಣಿಗೆ ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಹಡಗು ಹುಡುಕಿಕೊಂಡು ಅವರು ಪಶ್ಚಿಮದ ಟ್ರಾಪಾನಿ ಬಂದರಿಗೆ ಹೋದರು. ಅಲ್ಲಿ ದೊರೆ ಯುದ್ಧದ ಸಿದ್ಧತೆಗಾಗಿ ಹಡಗುಗಳನ್ನು ತಡೆದಿದ್ದ. 1185ರ ಮಾರ್ಚ್ ಕೊನೆಯ ತನಕ ಕಾಯಬೇಕಾಯಿತು. ಈದುಲ್ ಫಿತ್ರ್ ಅಲ್ಲಿಯೇ ಆಯಿತು. ಊರಿನ ಮುಸ್ಲಿಮರು ಡೋಲು, ಕಹಳೆಗಳೊಂದಿಗೆ ಈದ್ಗಾಹಿಗೆ ಹೋದದ್ದನ್ನೂ ಕ್ರೈಸ್ತರು ಅದಕ್ಕೆ ಅಡ್ಡಿಪಡಿಸದೆ ಸುಮ್ಮನಿದ್ದದ್ದನ್ನೂ ಅವರು ಬೆರಗಿನಿಂದ ಬರೆದಿದ್ದಾರೆ.

ದಿನ ಕಳೆದಂತೆ ಜನ ಹತ್ತಿರವಾದರು, ಬಾಯಿಬಿಟ್ಟರು. ಸಿಸಿಲಿ ಮುಸ್ಲಿಮರ ನಾಯಕ ಅಬುಲ್ ಕಾಸಿಮ್ ಇಬ್ನ್ ಹಮ್ಮೂದ್ ಅದೇ ಊರಿಗೆ ಬಂದರು. ಶ್ರೀಮಂತ ಮನೆತನ, ದಾನಿ ಎಂದು ಹೆಸರು. ದೊರೆಯ ಅನುಮಾನಕ್ಕೆ ಗುರಿಯಾಗಿ ಆಸ್ತಿ ಕಳೆದುಕೊಂಡಿದ್ದರು. ನಾನೂ ನನ್ನ ಮನೆಯವರೂ ಗುಲಾಮರಾಗಿ ಮಾರಾಟವಾದರೂ ಸರಿ, ಇಲ್ಲಿಂದ ಪಾರಾದರೆ ಸಾಕು ಎಂಬರ್ಥದ ಮಾತನ್ನು ಅವರು ಇಬ್ನ್ ಜುಬೈರರ ಬಳಿ ಆಡಿದರು. ಅದೇ ಊರಿನ ಒಬ್ಬ ತಂದೆ ತನ್ನ ಮಗಳನ್ನು ಹಾಜಿಗಳ ತಂಡದಲ್ಲೊಬ್ಬರಿಗೆ ಮದುವೆ ಮಾಡಿಕೊಡಲು ಮುಂದೆ ಬಂದರು. ಮಗಳಾದರೂ ದ್ವೀಪ ದಾಟಲಿ ಎಂಬ ಆಸೆ. ಮತ್ತೆ ಮುಖ ನೋಡಲಾಗದ ದೂರಕ್ಕೆ ಮಗಳನ್ನು ಕಳುಹಿಸಲು ಒಬ್ಬ ತಂದೆ ಒಪ್ಪಬೇಕಾದರೆ ಮನೆಯೊಳಗೆ ಎಷ್ಟು ಭಯ ತುಂಬಿರಬೇಕು!

ಆ ಭಯ ಸುಳ್ಳಾಗಲಿಲ್ಲ. 1189ರಲ್ಲಿ ವಿಲಿಯಂ ತೀರಿಕೊಂಡ. ಬೆನ್ನಿಗೇ ಪಲೆರ್ಮೊದಲ್ಲಿ ಮುಸ್ಲಿಮರ ಮೇಲೆ ದಾಳಿಗಳಾದವು. 1220ರ ದಶಕದಿಂದ ಎರಡನೆಯ ಫ್ರೆಡರಿಕ್ ಅವರನ್ನು ಇಟಲಿಯ ಲೂಚೆರಾ ಎಂಬ ಊರಿಗೆ ಸಾಗಿಸಿದ. 1300ರಲ್ಲಿ ಆ ನೆಲೆಯೂ ನಾಶವಾಯಿತು. ಒಬ್ಬ ದೊರೆಯ ಔದಾರ್ಯವನ್ನು ನೆಚ್ಚಿಕೊಂಡಿದ್ದ ಬದುಕು, ಆ ದೊರೆಯ ಜೊತೆಗೇ ಆಸರೆ ಕಳೆದುಕೊಂಡಿತು.

ಈಗ ನಮ್ಮ ಕರಾವಳಿಗೆ ಬನ್ನಿ. ಬಿಜೂರಿನಿಂದ ಹೆದ್ದಾರಿಯಲ್ಲಿ ತೆಂಕಣಕ್ಕೆ ಹೋದರೆ ಕುಂದಾಪುರದ ಬಳಿ ಬಸ್ರೂರು, ಮುಂದೆ ಬ್ರಹ್ಮಾವರದ ಬಳಿ ಬಾರಕೂರು. ಲೂಚೆರಾ ನಾಶವಾದ ನಲವತ್ತು ಚಿಲ್ಲರೆ ವರ್ಷಗಳ ನಂತರ ಇಬ್ನ್ ಬತೂತಾ ಈ ದಾರಿಯಾಗಿ ಸಾಗಿದರು. ಬಸ್ರೂರನ್ನು ಅಬೂ ಸರೂರ್ ಎಂದೂ ಬಾರಕೂರನ್ನು ಫಾಕನೂರ್ ಎಂದೂ ಅವರು ಕರೆದಿದ್ದಾರೆ. ಬಾರಕೂರಿನ ಅರಸ ಮುಸ್ಲಿಮನಲ್ಲ. ಆದರೂ ಅವನ ಯುದ್ಧದ ಹಡಗುಗಳ ನಾಯಕ ಮುಸ್ಲಿಮನಾಗಿದ್ದ. ಊರಿನ ಮುಸ್ಲಿಮರಿಗೆ ಹುಸೈನ್ ಎಂಬ ಮುಖಂಡರಿದ್ದರು, ಖಾಝಿ ಇದ್ದರು, ಖತೀಬರೂ ಇದ್ದರು. ಹುಸೈನ್ ಜುಮಾ ನಮಾಝಿಗಾಗಿ ಮಸೀದಿಯನ್ನೂ ಕಟ್ಟಿಸಿದ್ದರು.

ಇಬ್ನ್ ಬತೂತಾ ಬಂದದ್ದು ದಿಲ್ಲಿ ಸುಲ್ತಾನನ ರಾಯಭಾರಿಯಾಗಿ. ಬಾರಕೂರಿನಲ್ಲಿ ನಿಂತದ್ದು ಕೆಲವೇ ದಿನ. ಅಷ್ಟರಲ್ಲಿ ಎಲ್ಲ ಮನೆಗಳ ದುಃಖ ಅವರಿಗೆ ಕಂಡಿರಲಾರದು. ಹಾಗಿದ್ದರೂ ಖತೀಬರ ಹುದ್ದೆ, ಜುಮಾ ಮಸೀದಿ ಅತಿಥಿಗೆ ತೋರಿಸಲೆಂದು ಎರಡು ದಿನದಲ್ಲಿ ಎಬ್ಬಿಸುವಂಥವಲ್ಲ. ಸಿಸಿಲಿಯಲ್ಲಿ ಇಲ್ಲದ ಶುಕ್ರವಾರದ ಖುತ್ಬಾ ಬಾರಕೂರಿನಲ್ಲಿತ್ತು. ವ್ಯಾಪಾರ, ಕಡಲ ಕೆಲಸ, ನೆರೆಹೊರೆಯ ಋಣ, ಇವುಗಳ ಮೇಲೆ ನಿಂತ ನಂಬಿಕೆ ಅದರ ಹಿಂದೆ ಇತ್ತು. ಹಾಗೆ ತಲೆಮಾರುಗಳಿಂದ ಬೆಳೆದ ನಂಬಿಕೆಗೆ ಒಬ್ಬ ಅರಸನ ಔದಾರ್ಯಕ್ಕಿಂತ ಬಾಳಿಕೆ ಹೆಚ್ಚು.

ಪ್ರಿಯ ಓದುಗರೇ, ಖುತ್ಬಾದ ಸಾರಾಂಶವನ್ನು ನಾವು ಪ್ರತಿ ತಿಂಗಳು ಇಲ್ಲಿ ಓದುತ್ತೇವೆ. ಮಸೀದಿಯಲ್ಲಿ ಅದು ನಡೆಯುವಾಗ ಗಡಿಯಾರ ನೋಡುತ್ತೇವೆ, ಕೊನೆಯ ಐದು ನಿಮಿಷಕ್ಕೆ ಬಂದು ಸೇರುವವರೂ ನಮ್ಮಲ್ಲಿದ್ದಾರೆ. ಟ್ರಾಪಾನಿಯ ಆ ತಂದೆ ಎಷ್ಟು ಶುಕ್ರವಾರಗಳನ್ನು ಖುತ್ಬಾ ಕೇಳದೆ ಕಳೆದಿರಬಹುದು! ಮುಂದಿನ ಶುಕ್ರವಾರ ಅವರನ್ನು ನೆನೆದು ಸ್ವಲ್ಪ ಬೇಗ ಹೊರಡೋಣ. ಹೋಗುವ ದಾರಿಯಲ್ಲಿ ಅಂಗಡಿ ಬಾಗಿಲಲ್ಲಿ ನಿಂತ ನೆರೆಯವರನ್ನು ಒಂದು ಮಾತು ವಿಚಾರಿಸಿಕೊಂಡು ಹೋಗೋಣ. ಬಾರಕೂರಿನ ಆ ಮಸೀದಿಯನ್ನು ಕಾದದ್ದು ಇಂಥ ಒಡನಾಟವೇ.