ಹಿನ್ನೀರಿನ ಮೇಲೆ ತೇಲಿದ ಆಂಟೆನಾ

2020ರ ಆರಂಭದ ತಿಂಗಳುಗಳಲ್ಲಿ ಶರಾವತಿ ಹಿನ್ನೀರಿನ ಮೇಲೊಂದು ತೆಪ್ಪ ತೇಲುತ್ತಿತ್ತು. ಅದರ ಮೇಲೆ ಶಂಕುವಿನಾಕಾರದ ಲೋಹದ ಆಂಟೆನಾ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಕಟ್ಟಿದ ಈ ‘ಸರಸ್ 3’ ರೇಡಿಯೊ ದೂರದರ್ಶಕ ಹುಡುಕುತ್ತಿದ್ದುದು ಬ್ರಹ್ಮಾಂಡದ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತನ್ನು. ಅದಕ್ಕೆ ಮಲೆನಾಡಿನ ನೀರೇ ಏಕೆ ಬೇಕಾಯಿತು ಎಂದು ತಿಳಿಯಲು ಮಹಾಯುದ್ಧದ ಕಾಲದ ಹಾಲೆಂಡಿಗೆ ಹೋಗಬೇಕು.

1944. ನಾಜಿಗಳ ಹಿಡಿತದಲ್ಲಿದ್ದ ಲೈಡನ್ ನಗರ. ಖಗೋಳಜ್ಞ ಯಾನ್ ಊರ್ಟ್ ಅವರ ಸೂಚನೆಯಂತೆ ಹೆಂಡ್ರಿಕ್ ವಾನ್ ಡಿ ಹುಲ್ಸ್ಟ್ ಎಂಬ ವಿದ್ಯಾರ್ಥಿ ಲೆಕ್ಕಕ್ಕೆ ಕೂತ: ಆಕಾಶದಿಂದ ಒಂದೇ ನಿರ್ದಿಷ್ಟ ತರಂಗಾಂತರದ ರೇಡಿಯೊ ಅಲೆ ಬರಬಹುದೇ? ಸಿಕ್ಕ ಉತ್ತರ 21 ಸೆಂಟಿಮೀಟರ್. ಜಲಜನಕದ ಪರಮಾಣುವಿನಲ್ಲಿ ಪ್ರೋಟಾನಿಗೂ ಎಲೆಕ್ಟ್ರಾನಿಗೂ ತಮ್ಮದೇ ಗಿರಕಿಯಿದೆ. ಎಲೆಕ್ಟ್ರಾನಿನ ಗಿರಕಿ ತಿರುಗುಮುರುಗಾದಾಗ ಈ ಅಲೆ ಹೊಮ್ಮುತ್ತದೆ. ಒಂದು ಪರಮಾಣುವಿನ ಪಾಲಿಗೆ ಇದು ಸರಾಸರಿ 1.1 ಕೋಟಿ ವರ್ಷಕ್ಕೊಮ್ಮೆ ನಡೆಯುವ ಸಂಗತಿ. ಆದರೆ ಆಕಾಶದಲ್ಲಿ ಜಲಜನಕಕ್ಕೇನು ಬರವೇ?

1951ರ ಮಾರ್ಚ್ 25ರಂದು ಹಾರ್ವರ್ಡ್‌ನಲ್ಲಿ ಹೆರಾಲ್ಡ್ ಇವೆನ್ ಮತ್ತು ಎಡ್ವರ್ಡ್ ಪರ್ಸೆಲ್ ಆ ಅಲೆಯನ್ನು ಹಿಡಿದೇಬಿಟ್ಟರು. ಪ್ಲೈವುಡ್ಡಿಗೆ ತಾಮ್ರದ ತಗಡು ಹೊದಿಸಿದ ಕೊಂಬಿನಂಥ ಆಂಟೆನಾ ಪ್ರಯೋಗಾಲಯದ ಕಿಟಕಿಯಾಚೆ ಬಾಯಿ ತೆರೆದು ಕೂತಿತ್ತು. ಮಳೆ ಬಂದರೆ ನೀರು ಅದರೊಳಗಿಂದ ನೇರ ಕೋಣೆಗಿಳಿಯುತ್ತಿತ್ತು. ಚಳಿಗಾಲದಲ್ಲಿ ಕೆಳಗೆ ಓಡಾಡುವ ಹುಡುಗರಿಗೆ ಅದು ಹಿಮದುಂಡೆ ಎಸೆಯಲು ಒಳ್ಳೆಯ ಗುರಿ. ಡಚ್ಚರೂ ಆಸ್ಟ್ರೇಲಿಯದವರೂ ಅದೇ ವರ್ಷ ಶೋಧವನ್ನು ದೃಢಪಡಿಸಿದರು. ದೂಳಿನ ಮೋಡಗಳನ್ನು ದಾಟಿ ಬರುವ ಈ ಅಲೆಯಿಂದ ಕ್ಷೀರಪಥದ ಸುರುಳಿ ತೋಳುಗಳ ನಕ್ಷೆ ಮೂಡಿತು.

ಅದರ ಉಪಯೋಗ ಅಲ್ಲಿಗೇ ಮುಗಿಯಲಿಲ್ಲ. ಮಹಾಸ್ಫೋಟವಾಗಿ ಸುಮಾರು 3.8 ಲಕ್ಷ ವರ್ಷಕ್ಕೆ ವಿಶ್ವ ತಣಿದು ಪರಮಾಣುಗಳು ಕೂಡಿಕೊಂಡವು. ಆಗ ಹೊರಟ ಬೆಳಕೇ ಪೆನ್ಜಿಯಾಸ್ ಮತ್ತು ವಿಲ್ಸನ್ 1965ರಲ್ಲಿ ವರದಿ ಮಾಡಿದ ಹಿನ್ನೆಲೆ ವಿಕಿರಣ. ಆಮೇಲೆ ಕೋಟ್ಯಂತರ ವರ್ಷ ಕತ್ತಲು. ಮೊದಲ ನಕ್ಷತ್ರಗಳ ಅತಿನೇರಳೆ ಕಿರಣ ತಾಗಿದ ಜಲಜನಕ, ಆ ಹಿನ್ನೆಲೆಯಿಂದ 21 ಸೆಂ.ಮೀ. ಅಲೆಯನ್ನು ಒಂದಿಷ್ಟು ಹೀರಿಕೊಂಡಿರಬೇಕು. ವಿಶ್ವದ ಜೊತೆಗೆ ಅಲೆಯೂ ಹಿಗ್ಗಿ, ಇವತ್ತು ಅದರ ನೆಲೆ ಎಫ್‌ಎಂ ರೇಡಿಯೊದ ನೆರೆಮನೆ.

ಹೀಗೆ ಹೀರಿಕೊಂಡದ್ದರಿಂದ ಹಿನ್ನೆಲೆಯ ಅಳತೆಯಲ್ಲಿ ಒಂದು ತಗ್ಗು ಕಾಣಬೇಕು. 2018ರಲ್ಲಿ ‘ಎಡ್ಜಸ್’ ತಂಡ ಆ ತಗ್ಗು ಸಿಕ್ಕಿತೆಂದು ಸಾರಿತು. ಪಶ್ಚಿಮ ಆಸ್ಟ್ರೇಲಿಯದ ನಿರ್ಜನ ಬಯಲಿನಲ್ಲಿ, ಮೇಜಿನಷ್ಟಿದ್ದ ಆಂಟೆನಾದಲ್ಲಿ, 78 ಮೆಗಾಹರ್ಟ್ಸ್ ಬಳಿ ಅರ್ಧ ಕೆಲ್ವಿನ್ ಆಳದ ತಗ್ಗು. ಲೆಕ್ಕಾಚಾರಗಳ ನಿರೀಕ್ಷೆಗಿಂತ ಎರಡು ಪಟ್ಟಿಗೂ ಹೆಚ್ಚು! ಕಪ್ಪುದ್ರವ್ಯವೇ ಜಲಜನಕವನ್ನು ತಣಿಸಿರಬೇಕೆಂಬ ವಾದವೂ ಕೂಡಲೇ ಹುಟ್ಟಿತು. ಸ್ವಲ್ಪ ಅವಸರವಾಯಿತೆನ್ನಬೇಕು. ಅದೇ ಕಂಪನಾಂಕದಲ್ಲಿ ನಮ್ಮ ಕ್ಷೀರಪಥದ ಗದ್ದಲವೇ ಈ ತಗ್ಗಿಗಿಂತ ಸಾವಿರಾರು ಪಟ್ಟು ಜೋರು. ಸಾಲದೆಂಬಂತೆ ಆಂಟೆನಾದ ಕೆಳಗಿನ ನೆಲವೂ ಸುಮ್ಮನಿರುವುದಿಲ್ಲ. ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ, ಕೆಳಗೆ ಬಂಡೆ. ಪದರಪದರಗಳಿಂದ ಪ್ರತಿಫಲಿಸಿದ ಅಲೆಗಳು ಅಳತೆಯಲ್ಲಿ ಸುಳ್ಳು ಏರಿಳಿತ ಎಬ್ಬಿಸುತ್ತವೆ.

ನೀರಿಗೆ ಆ ತಕರಾರಿಲ್ಲ. ಆಂಟೆನಾದ ಅಡಿಯಲ್ಲಿ ಅದು ಏಕರೂಪವಾಗಿ ಹರಡಿರುತ್ತದೆ. ಹಾಗಾಗಿ ಸರಸ್ 3 ಮೊದಲು ದಂಡಿಗಾನಹಳ್ಳಿ ಕೆರೆಗೆ, ಬಳಿಕ ಎಫ್‌ಎಂ ಕಾಟ ಕಡಿಮೆಯಿರುವ ಶರಾವತಿ ಹಿನ್ನೀರಿಗೆ ಇಳಿಯಿತು. ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರ ಫಲಿತಾಂಶ 2022ರ ಫೆಬ್ರುವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಬಂತು: ಎಡ್ಜಸ್ ಹೇಳಿದ ತಗ್ಗು ಕಾಣಲಿಲ್ಲ, ಶೇಕಡಾ 95.3ರಷ್ಟು ವಿಶ್ವಾಸದೊಂದಿಗೆ ಅದನ್ನು ತಳ್ಳಿಹಾಕಬಹುದು.

‘ಇಲ್ಲ’ ಎಂಬ ಉತ್ತರಕ್ಕೆ ಪತ್ರಿಕೆಗಳ ಮುಖಪುಟ ಸಿಗುವುದು ಕಷ್ಟ. ಆದರೂ ಈ ಉತ್ತರ ಭೌತಶಾಸ್ತ್ರಕ್ಕೆ ಅನಗತ್ಯ ತೇಪೆ ಹಚ್ಚುವುದನ್ನು ತಡೆಯಿತು. ಮೊದಲ ನಕ್ಷತ್ರಗಳ ನಿಜವಾದ ಗುರುತು ಮಾತ್ರ ಇನ್ನೂ ಹಾಗೇ ಉಳಿದಿದೆ. ಬಹುಶಃ ಇನ್ನಷ್ಟು ಕ್ಷೀಣವಾಗಿ. ರಾಮನ್ ಸಂಸ್ಥೆ ಈಗ ‘ಪ್ರತುಷ್’ ಎಂಬ ಯೋಜನೆ ಹಾಕಿಕೊಂಡಿದೆ. ಈ ಸಲ ಆಂಟೆನಾ ಚಂದ್ರನನ್ನು ಸುತ್ತುತ್ತಾ, ಭೂಮಿಗೆ ಬೆನ್ನು ಮಾಡಿದ ಅದರ ಮಗ್ಗುಲಲ್ಲಿದ್ದಾಗ ಅಳತೆ ಮಾಡಬೇಕು. ಭೂಮಿಯ ರೇಡಿಯೊ ಸದ್ದಿಗೆಲ್ಲ ಅಲ್ಲಿ ಚಂದ್ರನೇ ಅಡ್ಡಗೋಡೆ.