ನಡುವೆ ನಿಂತವರು: ಹೈದರಾಬಾದಿನ ಹವ್ಯಾಸಿ ರೇಡಿಯೋ ಮತ್ತು ಅಂತರಜಾಲದ ಕೊಂಡಿ

ಗೋಲ್ಕೊಂಡ ಕೋಟೆ ನೋಡಲು ಹೋದವರು ಫತೇ ದರ್ವಾಜಾದ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟದೆ ಮುಂದೆ ಹೋಗುವುದಿಲ್ಲ. ಅಲ್ಲಿ ತಟ್ಟಿದ ಚಪ್ಪಾಳೆ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ಬೆಟ್ಟದ ನೆತ್ತಿಯ ಬಾಲಾ ಹಿಸಾರ್ ಮಂಟಪದಲ್ಲಿ ಕೇಳಿಸುತ್ತದೆ. ಕುತುಬ್ ಶಾಹಿಗಳ ಕಾಲದ ಈ ಏರ್ಪಾಡಿನಲ್ಲಿ ಓಲೆಯೂ ಇಲ್ಲ, ಓಲೆಕಾರನೂ ಇಲ್ಲ. ಬಾಗಿಲಿಗೂ ಮಂಟಪಕ್ಕೂ ನಡುವೆ ಇರುವುದು ಕಲ್ಲಿನ ಕಮಾನು, ಗಾಳಿ ಮತ್ತು ಎತ್ತರ ಮಾತ್ರ. ದೂರಸಂಪರ್ಕದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವೇಗದ ಚರಿತ್ರೆಯೆಂದು ಬರೆಯುತ್ತೇವೆ. ಅದನ್ನು ಮಧ್ಯವರ್ತಿಗಳ ಚರಿತ್ರೆಯೆಂದೂ ಬರೆಯಬಹುದು. ಹೇಳುವವನಿಗೂ ಕೇಳುವವನಿಗೂ ನಡುವೆ ಯಾರು ನಿಂತಿದ್ದಾರೆ? ಅವರು ಇಲ್ಲವಾದ ದಿನ ಮಾತಿನ ಗತಿ ಏನು? ಅಂತರಜಾಲದ ಮೂಲಕ ಒಂದಕ್ಕೊಂದು ಹೆಣೆದುಕೊಂಡಿರುವ ಇಂದಿನ ಡಿಜಿಟಲ್ ರಿಪೀಟರುಗಳನ್ನು ಅರ್ಥಮಾಡಿಕೊಳ್ಳಲು ಈ ಎರಡು ಪ್ರಶ್ನೆಗಳೇ ಸರಿಯಾದ ದಾರಿಯೆಂದು ನನಗೆ ತೋರುತ್ತದೆ. ಹೈದರಾಬಾದಿನ ಚರಿತ್ರೆ ಅವಕ್ಕೆ ಬೇಕಾದ ಉದಾಹರಣೆಗಳನ್ನು ತಾನೇ ಒದಗಿಸುತ್ತದೆ.

ಹವ್ಯಾಸಿ ರೇಡಿಯೋ ಎಂದರೆ ಹಣಕ್ಕಾಗಿ ಅಲ್ಲದೆ, ಕಲಿಕೆಗಾಗಿ ಮತ್ತು ಸ್ನೇಹಕ್ಕಾಗಿ ನಡೆಸುವ ರೇಡಿಯೋ. ಅದನ್ನು ನಡೆಸುವವರನ್ನು ಜಗತ್ತಿನಾದ್ಯಂತ 'ಹ್ಯಾಮ್'ಗಳೆಂದು ಕರೆಯುತ್ತಾರೆ. ಭಾರತದಲ್ಲಿ ಇದರ ಆರಂಭವನ್ನು 1921ಕ್ಕೆ, ಅಮರೇಂದ್ರ ಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ಎಂಬ ಇಬ್ಬರು ಬಂಗಾಳಿಗಳಿಗೆ ಸಲ್ಲಿಸುವುದು ರೂಢಿ. ದಖ್ಖನಿನ ಮಟ್ಟಿಗೆ 1935 ನೆನಪಿಡಬೇಕಾದ ವರ್ಷ. ಆ ವರ್ಷದ ಫೆಬ್ರವರಿಯಲ್ಲಿ ಹೈದರಾಬಾದಿನ ಡೆಕ್ಕನ್ ರೇಡಿಯೋ 200 ವಾಟ್ ಶಕ್ತಿಯ ಪ್ರೇಷಕದಿಂದ ಮಾತಾಡಲು ತೊಡಗಿತು. ಅದರ ಹಿಂದೆ ಇದ್ದದ್ದು ಅಂಚೆ-ತಂತಿ ಇಲಾಖೆಯ ಅಧಿಕಾರಿ ಮಹಬೂಬ್ ಅಲಿ ಅವರ ಪ್ರಯತ್ನ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವಾಟ್‌ನ ಪ್ರೇಷಕವೊಂದನ್ನಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದರು. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ರಾಜ್ಯದಲ್ಲಿದ್ದವು. ಕನ್ನಡಿಗರು ಎರಡು ಸಂಸ್ಥಾನಗಳ ಎರಡು ಬಾನುಲಿಗಳ ಕೆಳಗೆ ಹಂಚಿಹೋಗಿದ್ದರು. ಎರಡು ಕಡೆಯೂ ಮೊದಲ ಹೆಜ್ಜೆಯಿಟ್ಟದ್ದು ಸರ್ಕಾರವಲ್ಲ, ವ್ಯಕ್ತಿಗಳ ಕುತೂಹಲ. ಬಾನುಲಿ ಕ್ರಮೇಣ ಸರ್ಕಾರದ ಕೈಗೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಹವ್ಯಾಸಿಗಳ ಪರವಾನಗಿಗಳೂ ರದ್ದಾದವು. ಯುದ್ಧಾನಂತರ ಹಕ್ಕು ಮರಳಿತಾದರೂ ಅನುಮಾನದ ನೆರಳು ಪೂರ್ತಿ ಸರಿಯಲಿಲ್ಲ. ಇಂದಿಗೂ ಪರೀಕ್ಷೆ ಬರೆದು, ಕೇಂದ್ರ ಸರ್ಕಾರದಿಂದ ಪರವಾನಗಿಯನ್ನೂ 'ವಿಯು' ಎಂದು ಮೊದಲಾಗುವ ಕರೆಹೆಸರನ್ನೂ ಪಡೆದವರಷ್ಟೇ ಮಾತಾಡಬಹುದು. 1978ರ ನಿಯಮಾವಳಿ ಈ ವ್ಯವಸ್ಥೆಯ ಬುನಾದಿ.

ಹವ್ಯಾಸಿಗಳ ಅತ್ಯಂತ ಹಳೆಯ ಮಧ್ಯವರ್ತಿ ಆಕಾಶ. ಕಿರುತರಂಗಗಳು ಭೂಮಿಯ ಮೇಲಿನ ಅಯಾನುಗೋಳಕ್ಕೆ ತಾಗಿ ಬಾಗಿ, ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಆ ಆಕಾಶಕ್ಕೆ ಬಾಡಿಗೆಯಿಲ್ಲ, ಬೀಗವಿಲ್ಲ. ಸೂರ್ಯನ ಚಿತ್ತವೃತ್ತಿಯೊಂದನ್ನು ಬಿಟ್ಟರೆ ಅದಕ್ಕೆ ಒಡೆಯರಿಲ್ಲ. ಇದರ ಬೆಲೆ ತಿಳಿದದ್ದು 2004ರ ಡಿಸೆಂಬರಿನಲ್ಲಿ. 1983ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆ ಆ ತಿಂಗಳು ಅಂಡಮಾನಿಗೆ ಒಂದು ತಂಡವನ್ನು ಕಳುಹಿಸಿತ್ತು. ಮುಂದಾಳು ಭಾರತಿ ಪ್ರಸಾದ್. ಅಪರೂಪಕ್ಕೆ ಮಾತ್ರ ರೇಡಿಯೋದಲ್ಲಿ ಕೇಳಿಬರುವ ದ್ವೀಪವೊಂದರಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತಾಡುವುದಷ್ಟೇ ಉದ್ದೇಶ. ಬಯಲಾಟಕ್ಕೆ ಹೋದಷ್ಟೇ ಹುರುಪಿನ ಪ್ರವಾಸ ಅದು. ಡಿಸೆಂಬರ್ 26ರ ಬೆಳಗ್ಗೆ ಭೂಮಿ ನಡುಗಿತು, ಕಡಲು ಏರಿ ಬಂತು, ದ್ವೀಪಗಳ ದೂರವಾಣಿ ಮೂಕವಾಯಿತು. ವಿಯು4ಆರ್‌ಬಿಐ ಎಂಬ ಕರೆಹೆಸರಿನಲ್ಲಿ ಆಟವಾಡುತ್ತಿದ್ದ ಕೇಂದ್ರ ಅಂದಿನಿಂದ ಪರಿಹಾರ ಕಾರ್ಯದ ಕೇಂದ್ರವಾಯಿತು. ಬದುಕಿದ್ದೇವೆ ಎಂಬ ಸಂದೇಶಗಳು, ಔಷಧ-ಆಹಾರದ ಬೇಡಿಕೆಗಳು ಪೋರ್ಟ್ ಬ್ಲೇರಿನಿಂದ 1,600 ಕಿಲೋಮೀಟರಿಗೂ ಆಚೆಯ ಭೂಭಾಗಕ್ಕೆ ತಲುಪಿದವು. ಈ ಎರಡು ತುದಿಗಳ ನಡುವೆ ಕೇಬಲ್ಲಿರಲಿಲ್ಲ, ಗೋಪುರವಿರಲಿಲ್ಲ. ಎರಡು ಆಂಟೆನಾ, ಎರಡು ಬ್ಯಾಟರಿ, ನಡುವೆ ಆಕಾಶ.

ಆದರೆ ಆಕಾಶದ ದಾರಿಗೆ ಉದ್ದನೆಯ ತಂತಿ ಬೇಕು, ಅದನ್ನು ಎಳೆದು ಕಟ್ಟಲು ಜಾಗ ಬೇಕು, ಕಾಯುವ ವ್ಯವಧಾನವೂ ಬೇಕು. ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟುಗಳು ಬಳಸುವುದು 144 ಮೆಗಾಹರ್ಟ್ಸಿನ ಮೇಲಿನ ತರಂಗಗಳನ್ನು. ಅವು ಹೆಚ್ಚೂಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ದಿಗಂತ ದಾಟುವುದು ಅವಕ್ಕೆ ಕಷ್ಟ. ಇಲ್ಲಿ ಎರಡನೆಯ ಮಧ್ಯವರ್ತಿಯ ಪ್ರವೇಶ. ಅದೇ ರಿಪೀಟರ್. ಎತ್ತರದ ಜಾಗದಲ್ಲಿ ಕುಳಿತು, ಒಂದು ಆವರ್ತನದಲ್ಲಿ ಕೇಳಿದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದು ಆವರ್ತನದಲ್ಲಿ ಹೆಚ್ಚು ಶಕ್ತಿಯಿಂದ ಮತ್ತೆ ಹೇಳುವ ಯಂತ್ರ. ನೆಲದ ಮೇಲೆ ನಿಂತ ವ್ಯಕ್ತಿಯ ರೇಡಿಯೋ ದಿಗಂತ ಸುಮಾರು 5 ಕಿಲೋಮೀಟರ್. ನೂರು ಮೀಟರ್ ಎತ್ತರದ ಗುಡ್ಡದ ಮೇಲಿಟ್ಟ ರಿಪೀಟರಿಗೆ ಅದೇ ವ್ಯಕ್ತಿ, ನಡುವೆ ಅಡ್ಡಿಯಿಲ್ಲದಿದ್ದರೆ, 45 ಕಿಲೋಮೀಟರ್ ದೂರದಿಂದಲೂ ಕೇಳಿಸಬಲ್ಲ. ಕರಿಕಲ್ಲಿನ ಗುಡ್ಡಗಳು ಊರ ನಡುವೆಯೇ ಎದ್ದು ನಿಂತಿರುವ ಹೈದರಾಬಾದಿನಂಥ ನಗರಕ್ಕೆ ಇದು ಹೇಳಿಮಾಡಿಸಿದ ಉಪಾಯ. ಎತ್ತರವನ್ನು ಇನ್ನೂ ಹೆಚ್ಚಿಸಿದರೆ ಅದು ಉಪಗ್ರಹ. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೂಪುಗೊಂಡ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಮೇಲೇರಿತು. 435 ಮೆಗಾಹರ್ಟ್ಸಿನಲ್ಲಿ ಕೇಳಿ 145ರಲ್ಲಿ ಮರುನುಡಿಯುತ್ತ, 2014ರವರೆಗೆ ಅದು ಹವ್ಯಾಸಿಗಳ ಕೊಂಡಿಯಾಗಿತ್ತು.

ಗುಡ್ಡದ ರಿಪೀಟರಿಗೂ ಒಂದು ಗಡಿಯುಂಟು. ಹೈದರಾಬಾದಿನ ರಿಪೀಟರ್ 140 ಕಿಲೋಮೀಟರ್ ಆಚೆಯ ಬೀದರಿಗೆ ಕೇಳಿಸದು; ಕಲಬುರಗಿಯಂತೂ ಇನ್ನೂ ದೂರ. ಎರಡು ಊರುಗಳ ರಿಪೀಟರುಗಳನ್ನು ಒಂದಕ್ಕೊಂದು ಕಟ್ಟುವ ಹಗ್ಗವಾಗಿ ಬಂದದ್ದು ಅಂತರಜಾಲ. 1997ರಲ್ಲಿ ಕೆನಡಾದ ಡೇವಿಡ್ ಕ್ಯಾಮೆರಾನ್ ರೂಪಿಸಿದ ಐಆರ್‌ಎಲ್‌ಪಿ, 2002ರಲ್ಲಿ ಅಮೆರಿಕದ ಜೊನಾಥನ್ ಟೇಲರ್ ರೂಪಿಸಿದ ಎಕೋಲಿಂಕ್ ಈ ದಾರಿಯನ್ನು ತೆರೆದವು. ಅದೇ ಹೊತ್ತಿಗೆ ಮಾತೂ ಅಂಕಿಗಳಾಗಿ ಬದಲಾಗುತ್ತಿತ್ತು. ಜಪಾನಿನ ಹವ್ಯಾಸಿಗಳ ಸಂಘ ತನ್ನ ಸರ್ಕಾರದ ನೆರವಿನಿಂದ ಡಿ-ಸ್ಟಾರ್ ಎಂಬ ಡಿಜಿಟಲ್ ಪದ್ಧತಿಯನ್ನು ರೂಪಿಸಿತು. 2005ರಲ್ಲಿ ಐರೋಪ್ಯ ದೂರಸಂಪರ್ಕ ಮಾನಕ ಸಂಸ್ಥೆ ವ್ಯಾಪಾರ-ಉದ್ಯಮಗಳಿಗೆಂದು ಪ್ರಕಟಿಸಿದ ಡಿಎಂಆರ್ ಪದ್ಧತಿಯನ್ನು ಹವ್ಯಾಸಿಗಳು ಕ್ರಮೇಣ ತಮ್ಮದಾಗಿಸಿಕೊಂಡರು. ಡಿಎಂಆರ್ ಒಂದೇ ಕಾಲುವೆಯನ್ನು ತಲಾ 30 ಮಿಲಿಸೆಕೆಂಡಿನ ಎರಡು ಸರದಿಗಳಾಗಿ ಹಂಚುತ್ತದೆ. ಹೀಗಾಗಿ ಒಂದೇ ರಿಪೀಟರಿನಲ್ಲಿ ಎರಡು ಸಂಭಾಷಣೆಗಳು ಏಕಕಾಲಕ್ಕೆ ನಡೆಯಬಹುದು.

ಇದರ ಬಳಕೆ ಹೇಗೆಂದರೆ, ಹೈದರಾಬಾದಿನ ಹವ್ಯಾಸಿ ತನ್ನ ಸೆಟ್ಟಿನಲ್ಲಿ ಏಳು ಅಂಕಿಗಳ ಗುರುತುಸಂಖ್ಯೆಯನ್ನು ತುಂಬಿ, ತನಗೆ ಬೇಕಾದ 'ಟಾಕ್ ಗ್ರೂಪ್' ಅನ್ನು ಆರಿಸುತ್ತಾನೆ. ಇಡೀ ಭಾರತದ ಹವ್ಯಾಸಿಗಳಿಗೆ ಮೀಸಲಾದ ಗುಂಪಿನ ಸಂಖ್ಯೆ 404. ಒತ್ತುಗುಂಡಿ ಅದುಮಿ ಆಡಿದ ಮಾತು ಅಂಕಿಗಳಾಗಿ ರಿಪೀಟರಿಗೆ ಹೋಗುತ್ತದೆ. ಅಲ್ಲಿಂದ ಅಂತರಜಾಲದ ಮೂಲಕ ಒಂದು ಸರ್ವರಿಗೆ. ಸರ್ವರ್ ಅದನ್ನು ಆ ಗುಂಪಿಗೆ ಕಿವಿಗೊಟ್ಟಿರುವ ಬೇರೆ ಊರುಗಳ ರಿಪೀಟರುಗಳಿಗೆ ಹಂಚುತ್ತದೆ. ಹತ್ತಿರದಲ್ಲಿ ರಿಪೀಟರ್ ಇಲ್ಲದವರು 'ಹಾಟ್‌ಸ್ಪಾಟ್' ಎಂಬ ಅಂಗೈಯಗಲದ ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಳ್ಳುವುದುಂಟು. ಅದರ ಶಕ್ತಿ ಕೇವಲ ಹತ್ತು ಮಿಲಿವಾಟ್. ಮನೆಯೊಳಗಿನ ಕೈಸೆಟ್ಟಿನಿಂದ ಮೇಜಿನ ಮೇಲಿನ ಪೆಟ್ಟಿಗೆಯವರೆಗಷ್ಟೇ ರೇಡಿಯೋ, ಮುಂದಿನದೆಲ್ಲ ಅಂತರಜಾಲ. ಆಂಟೆನಾ ಕಟ್ಟಲು ಚಾವಣಿಯ ಹಕ್ಕಿಲ್ಲದ ಫ್ಲಾಟ್ ನಿವಾಸಿಗೆ ಇದರಿಂದ ಬೆಂಗಳೂರೂ ಟೋಕಿಯೋವೂ ಸಮಾನ ದೂರ.

ಹಳಬರಲ್ಲಿ ಕೆಲವರು ಇದು ರೇಡಿಯೋವೇ ಅಲ್ಲ ಎನ್ನುತ್ತಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ಮಾತಾಡುವ ಜನ, ನಿಯಮಗಳು, ಸೌಜನ್ಯ ಎಲ್ಲವೂ ಹವ್ಯಾಸಿ ರೇಡಿಯೋದವೇ. ದಾರಿ ಬದಲಾದ ಮಾತ್ರಕ್ಕೆ ಪ್ರಯಾಣ ಸುಳ್ಳಾಗದು. ನನ್ನ ಆತಂಕ ಬೇರೆಯದು. ಮಧ್ಯವರ್ತಿಗಳ ಸಂಖ್ಯೆ ಹೆಚ್ಚಿತು, ಮತ್ತು ಅವರು ಕಣ್ಣಿಗೆ ಬೀಳದಂತಾದರು. ರಿಪೀಟರಿಗೆ ವಿದ್ಯುತ್ ಬೇಕು, ಅಂತರಜಾಲದ ಕಂಪನಿ ಬೇಕು, ಎಲ್ಲೋ ಒಂದು ದೇಶದಲ್ಲಿ ಯಾರೋ ಸ್ವಯಂಸೇವಕರು ನಡೆಸುವ ಸರ್ವರ್ ಬೇಕು. ಜೊತೆಗೆ ಧ್ವನಿಯನ್ನು ಅಂಕಿಯಾಗಿಸುವ ಸಂಕೇತಕವೂ ಬೇಕು. ಡಿ-ಸ್ಟಾರ್ ಮತ್ತು ಡಿಎಂಆರ್ ಬಳಸುವ ಎಎಂಬಿಇ ಸಂಕೇತಕ ಒಂದು ಖಾಸಗಿ ಕಂಪನಿಯ ಸ್ವತ್ತು. ಅದರ ಒಳಗನ್ನು ತೆರೆದು ನೋಡಿ ಕಲಿಯುವ ಅವಕಾಶ ಹವ್ಯಾಸಿಗಿಲ್ಲ.

ಈ ಕೊನೆಯ ಸಂಗತಿ ಹೈದರಾಬಾದಿನ ಮಟ್ಟಿಗೆ ಸಣ್ಣದಲ್ಲ. ಪೆಟ್ಟಿಗೆ ತೆರೆದು ನೋಡುವ ಸಂಪ್ರದಾಯಕ್ಕೆ ಇತ್ತೀಚಿನ ದಶಕಗಳಲ್ಲಿ ಜಗದ್ವ್ಯಾಪಿ ಹೆಸರು ತಂದವರು ಈ ನಗರದವರೇ ಆದ ಅಶ್ಹರ್ ಫರ್ಹಾನ್. ಬಂಜಾರಾ ಹಿಲ್ಸ್‌ನ ಸಾಂಸ್ಕೃತಿಕ ತಾಣ 'ಲಾಮಕಾನ್'ನ ಸ್ಥಾಪಕರಲ್ಲಿ ಒಬ್ಬರಾಗಿಯೂ ಅವರು ಪರಿಚಿತರು. ಭಾರತದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಅಗ್ಗದ ಬಿಡಿಭಾಗಗಳಿಂದಲೇ ಕಟ್ಟಬಹುದಾದ 'ಬಿಟ್ಎಕ್ಸ್' ಎಂಬ ಕಿರುತರಂಗ ಸೆಟ್ಟನ್ನು ಅವರು ವಿನ್ಯಾಸಗೊಳಿಸಿ, ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಅದರ ಸಿದ್ಧ ಮಂಡಲಿಗಳನ್ನು ಹೈದರಾಬಾದಿನ ಮಹಿಳೆಯರ ಗುಂಪೊಂದು ಜೋಡಿಸಿತು; ಅವು ಅನೇಕ ದೇಶಗಳಿಗೆ ಹೋದವು. ಡಿಜಿಟಲ್ ಧ್ವನಿಯಲ್ಲೂ ಇಂಥ ಮುಕ್ತ ದಾರಿ ಹುಡುಕುವವರಿದ್ದಾರೆ. ಆಸ್ಟ್ರೇಲಿಯದ ಡೇವಿಡ್ ರೋ ರೂಪಿಸಿದ ಕೋಡೆಕ್-2, ಅದನ್ನು ಆಧರಿಸಿ ಪೋಲೆಂಡಿನಲ್ಲಿ ಹುಟ್ಟಿದ ಎಂ-17 ಇದಕ್ಕೆ ಉದಾಹರಣೆಗಳು. ಹವ್ಯಾಸಿ ರೇಡಿಯೋದ ಮಾತಿನ ಅರ್ಥವನ್ನು ಮರೆಮಾಚುವ ಸಂಕೇತ ಕೂಡದೆಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಎಎಂಬಿಇ ಆ ನಿಯಮವನ್ನೇನೂ ಮೀರಿಲ್ಲ. ಚಿಪ್ ಕೊಂಡ ಯಾರಾದರೂ ಕೇಳಬಹುದು. ಆದರೆ ಕೇಳಬಲ್ಲೆವು ಎನ್ನುವುದಕ್ಕೂ ತಿಳಿಯಬಲ್ಲೆವು ಎನ್ನುವುದಕ್ಕೂ ಅಂತರವಿದೆ.

ಇನ್ನು ವಿದ್ಯುತ್ ಮತ್ತು ಅಂತರಜಾಲದ ಮಾತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸುಮಾರು 15,000 ಜನ ಸತ್ತರೆಂದು ಅಂದಾಜು. ಮರುವರ್ಷ ನಿಜಾಮ್ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಊರೊಳಗೆ ಗೋಡೆ ಎತ್ತರಿಸುವುದಷ್ಟೇ ಸಾಲದು, ನೀರನ್ನು ಊರಿಗೆ ಬರುವ ಮೊದಲೇ ತಡೆಹಿಡಿಯಬೇಕು ಎಂಬುದು ಅವರ ಸಲಹೆಯ ತಿರುಳು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಆದರೂ ನೆರೆಯ ಭಯ ಹೋಗಿಲ್ಲ. 2020ರ ಅಕ್ಟೋಬರ್ 13ರಂದು ಸುರಿದ ಮಳೆಗೆ ಕೆರೆಗಳ ಕಟ್ಟೆಯೊಡೆದು ಬಡಾವಣೆಗಳು ಮುಳುಗಿದವು. ಹಲವೆಡೆ ವಿದ್ಯುತ್ ನಿಂತಿತು. ಅಂಥ ರಾತ್ರಿ ಮೇಜಿನ ಮೇಲಿನ ಹಾಟ್‌ಸ್ಪಾಟಿನ ದೀಪ ಆರಿದರೆ ಟೋಕಿಯೋ ಮಾತ್ರವಲ್ಲ, ಪಕ್ಕದ ಬೀದಿಯೂ ದೂರವಾಗುತ್ತದೆ. ಬೇರೆ ದಾರಿ ಗೊತ್ತಿಲ್ಲದ ಹವ್ಯಾಸಿ ಆ ಹೊತ್ತಿನಲ್ಲಿ ಮೊಬೈಲ್ ಫೋನಿನ ಗಿರಾಕಿಗಿಂತ ಹೆಚ್ಚೇನೂ ಅಲ್ಲ.

ಹಾಗೆಂದು ಕೊಂಡಿಯನ್ನೇ ಬಿಡಬೇಕಿಲ್ಲ. ಕೊಂಡಿ ಕಳಚಿದರೂ ನಿಲ್ಲುವಂತೆ ಕಟ್ಟಬೇಕು. ಡಿಜಿಟಲ್ ರಿಪೀಟರಿನ ಒಂದು ಗುಣವನ್ನು ಇಲ್ಲಿ ನೆನೆಯಬೇಕು. ಸರಿಯಾಗಿ ಅಣಿಗೊಳಿಸಿದರೆ ಅಂತರಜಾಲ ಹೋದ ಮೇಲೂ ಅದು ಬರಿಯ ಸ್ಥಳೀಯ ರಿಪೀಟರಾಗಿ ಕೆಲಸ ಮಾಡುತ್ತಲೇ ಇರಬಲ್ಲದು. ಡಿಎಂಆರ್‌ನ ಎರಡು ಸರದಿಗಳಲ್ಲಿ ಒಂದನ್ನು ಊರಿನ ಮಾತಿಗೇ ಮೀಸಲಿಡುವುದು ಇದಕ್ಕಾಗಿಯೇ ಒದಗುವ ಸೌಲಭ್ಯ. ಅದಕ್ಕೆ ಬೇಕಾದದ್ದು ಗುಡ್ಡದ ಮೇಲೊಂದು ಒಳ್ಳೆಯ ಬ್ಯಾಟರಿ, ಸೌರಫಲಕ. ಜೊತೆಗೆ ಆಗಾಗ ಅಂತರಜಾಲವನ್ನು ಬೇಕೆಂದೇ ಕಡಿದು ನಡೆಸುವ ಅಭ್ಯಾಸ. ಆ ಅಭ್ಯಾಸದಲ್ಲಿ ಮೊದಲು ರಿಪೀಟರ್ ಮಾತ್ರ, ನಂತರ ರಿಪೀಟರೂ ಇಲ್ಲದೆ ಸೆಟ್ಟಿನಿಂದ ಸೆಟ್ಟಿಗೆ, ಕೊನೆಗೆ ಕಿರುತರಂಗದ ಆಕಾಶ. ಪೋರ್ಟ್ ಬ್ಲೇರಿನ ತಂಡ ವಿಪತ್ತಿಗೆಂದು ಅಲ್ಲಿಗೆ ಹೋಗಿರಲಿಲ್ಲ. ಡಿಸೆಂಬರಿನ ಮೊದಲ ವಾರಗಳೆಲ್ಲ ಅವರು ದಿನವೂ ಆ ಆಕಾಶದೊಡನೆ ಆಟವಾಡಿದ್ದರು. 26ರಂದು ಉಪಯೋಗಕ್ಕೆ ಬಂದದ್ದು ಆ ಆಟದ ಪಳಗಿಕೆ. ಮೂಸಿಯ ಮುಂದಿನ ಪ್ರವಾಹ ಎಂದು ಬರುವುದೋ ಯಾರೂ ಹೇಳಲಾರರು. ಅದಕ್ಕೆ ಮೊದಲು ನಗರದ ಹವ್ಯಾಸಿಗಳು ತಿಂಗಳಿಗೊಂದು ಸಂಜೆಯಾದರೂ ಕೊಂಡಿ ಕಳಚಿ ಮಾತಾಡಿಕೊಂಡಿದ್ದರೆ, ಆ ರಾತ್ರಿ ಪಕ್ಕದ ಬೀದಿಯ ದನಿ ಅವರಿಗೆ ಕೇಳಿಸುತ್ತದೆ.