ಅಂಗಾಲಿನ ಕಪ್ಪು ಕಲೆ: ಮಿಲಿಮೀಟರಿನಿಂದ ಜೀನ್‌ವರೆಗೆ

ನವಲಗುಂದದ ಎರಿಹೊಲದಾಗ ಬರಿಗಾಲಲ್ಲಿ ನಡೆಯೋ ರೈತನ ಅಂಗಾಲಲ್ಲಿ ಕಪ್ಪು ಕಲೆ ಕಂಡರೆ ಮನೆಯವರು ಏನಂತಾರೆ? ‘ಮುಳ್ಳು ಚುಚ್ಚಿರಬೇಕು, ಬಿಡ್ರಿ.’ ಬಹಳ ಸಲ ಅದು ಮುಳ್ಳೇ. ಅಪರೂಪಕ್ಕೆ ಮಾತ್ರ ಅದು ಮೆಲನೋಮಾ, ಚರ್ಮದ ಕ್ಯಾನ್ಸರುಗಳಲ್ಲೇ ತೀರಾ ಅಪಾಯಕಾರಿಯಾದದ್ದು.

ಈ ರೋಗ ಮುಂದೆ ಯಾವ ದಾರಿ ಹಿಡಿಯುತ್ತೆ? 1970ರಲ್ಲಿ ಅಮೆರಿಕದ ವೈದ್ಯ ಅಲೆಕ್ಸಾಂಡರ್ ಬ್ರೆಸ್ಲೋ ಗಡ್ಡೆಯ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು ಉತ್ತರ ಕೊಟ್ಟರು: ದಪ್ಪವಾದಷ್ಟೂ ಅಪಾಯ ಹೆಚ್ಚು. 2002ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ಅನೇಕ ಮೆಲನೋಮಾಗಳಲ್ಲಿ ಬಿ-ರಾಫ್ ಎಂಬ ಜೀನ್ ಕೆಟ್ಟಿರುವುದನ್ನು ಕಂಡುಹಿಡಿದರು. 2011ರಲ್ಲಿ ಆ ದೋಷಕ್ಕೇ ಗುರಿಯಿಟ್ಟ ವೆಮುರಾಫೆನಿಬ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಆದರೆ ಈ ಕತೆ ಬಹುಪಾಲು ಬಿಸಿಲಿಗೆ ಸುಟ್ಟ ಬಿಳಿ ಚರ್ಮದ್ದು. ನಮ್ಮಲ್ಲಿ ಮೆಲನೋಮಾ ಹೆಚ್ಚಾಗಿ ಕಾಣೋದು ಬಿಸಿಲು ಅಷ್ಟಾಗಿ ತಾಗದ ಅಂಗಾಲಲ್ಲಿ. ಅಲ್ಲಿ ಬಿ-ರಾಫ್ ದೋಷ ಕಡಿಮೆ. ಕೆಲವರಲ್ಲಿ ಕಿಟ್ ಎಂಬ ಬೇರೆ ಜೀನ್ ಕೆಟ್ಟಿರುತ್ತೆ. ಅವರ ಪಟ್ಟಿ ನಮಗೆ ಸಾಲದು.

ಬ್ರೆಸ್ಲೋ ಅಳತೆ ಮಾತ್ರ ಇಂದಿಗೂ ನಡೆಯುತ್ತೆ. ಕಲೆ ಬೆಳೀತಿದೆಯಾ? ಅಂಚು, ಬಣ್ಣ ಬದಲಾಗಿದೆಯಾ? ಹುಣ್ಣು ಮಾಯ್ತಿಲ್ಲವಾ? ತಡಮಾಡದೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಕಿಮ್ಸ್‌ಗೋ ಹೋಗಿ ತೋರಿಸ್ರಿ. ತೆಳುವಿದ್ದಾಗ ಸಿಕ್ಕರೆ ಕತ್ತರಿಸಿ ತೆಗೆದರೇ ಬಹಳ ಸಲ ಗುಣವಾಗುತ್ತೆ. ಜೀನ್ ಪರೀಕ್ಷೆಗಿಂತ ಮೊದಲು ಅಂಗಾಲು ನೋಡ್ಕೊಳ್ರಿ.